ಕೊನೆಗಳಿಗೆಯಲ್ಲಿ ಸಿಕ್ಕ ಕೃಪೆ: ನನಗೆ ಸಿಟ್ಟು ಬರುತ್ತಿದೆ, ಇದು ತಪ್ಪಾ?

ಹಿರಿಯಕ್ಕ
ಎಲ್ಲರಿಗೂ ನಮಸ್ಕಾರ. ಬರೆಯಲೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ.

ನನ್ನ ತಮ್ಮ ಹದಿನೆಂಟು ವರ್ಷ ಮನೆಯ ಜವಾಬ್ದಾರಿ ಮುಟ್ಟಲಿಲ್ಲ. ಕುಡಿತ, ಸಾಲ, ಸುಳ್ಳು. ಅಮ್ಮ ಆರು ವರ್ಷ ಹಾಸಿಗೆ ಹಿಡಿದಿದ್ದಳು. ಮಗ್ಗುಲು ಬದಲಿಸುವುದರಿಂದ ಹಿಡಿದು ಎಲ್ಲವನ್ನೂ ನಾನೇ ಮಾಡಿದೆ. ಆ ಆರು ವರ್ಷದಲ್ಲಿ ಅವನು ಬಂದದ್ದು ಎರಡೇ ಸಲ. ಎರಡು ಸಲವೂ ಹಣಕ್ಕೆ. ಅವನು ಒಯ್ದದ್ದನ್ನೆಲ್ಲ ಒಂದು ನೀಲಿ ರಟ್ಟಿನ ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದೇನೆ.

ಹೋದ ತಿಂಗಳು ಅವನು ತೀರಿಕೊಂಡ. ಕೊನೆಯ ಮೂರು ದಿನ ಎಚ್ಚರವಿತ್ತು. ಪಾಸ್ಟರ್ ಬಂದರು, ಅವನ ಕೈ ಹಿಡಿದು ಪ್ರಾರ್ಥನೆ ಮಾಡಿದರು. ಅವನು ಅತ್ತ. ಹೊರಗೆ ಬಂದು ಪಾಸ್ಟರ್ ಹೇಳಿದರು, "ಕೃಪೆ ದೊಡ್ಡದಮ್ಮ. ಅವನನ್ನು ದೇವರು ಸೇರಿಸಿಕೊಂಡಿದ್ದಾನೆ, ಧೈರ್ಯವಾಗಿರಿ."

ನನಗೆ ಧೈರ್ಯ ಬರಲಿಲ್ಲ. ಸಿಟ್ಟು ಬಂತು. ಮೂರು ದಿನದ ಅಳು ಹದಿನೆಂಟು ವರ್ಷವನ್ನು ಒರೆಸಿ ಹಾಕುತ್ತದೆಯಾ? ಹಾಗಾದರೆ ಅಮ್ಮನ ಪಕ್ಕ ಕೂತಿದ್ದ ನನ್ನ ಆರು ವರ್ಷಕ್ಕೆ ಏನು ಬೆಲೆ? ಚಿಕ್ಕಂದಿನಿಂದ "ಕೃಪೆ, ಕೃಪೆ" ಎಂದು ಹಾಡಿಕೊಂಡು ಬಂದವಳು ನಾನು. ಈಗ ಆ ಪದವೇ ಅರ್ಥವಾಗುತ್ತಿಲ್ಲ.

ಬೆಳಗಿನ_ಓದು
ಅಕ್ಕ, ಸಿಟ್ಟು ತಪ್ಪಲ್ಲ. ನಿಮ್ಮ ಪ್ರಶ್ನೆ ಬೈಬಲ್ಲಿನಲ್ಲೇ ಇದೆ. ಲೂಕ 15ರಲ್ಲಿ ತನ್ನ ಪಾಲಿನ ಆಸ್ತಿ ಹಾಳುಮಾಡಿದ ಚಿಕ್ಕ ಮಗ ವಾಪಸ್ ಬಂದಾಗ ಅಪ್ಪ ಹಬ್ಬ ಮಾಡುತ್ತಾನೆ. ಮನೆಯಲ್ಲೇ ದುಡಿದ ದೊಡ್ಡ ಮಗ ಆಗ ಕೇಳಿದ್ದು ಇದನ್ನೇ ಅಲ್ವಾ?

ಗಣಿತದ_ಮೇಷ್ಟ್ರು
ನಾನು ಮಕ್ಕಳಿಗೆ ಹೇಳುವ ರೀತಿಯಲ್ಲಿ ಹೇಳುತ್ತೇನೆ. ಪರೀಕ್ಷೆಯಲ್ಲಿ ಎರಡು ಅಂಕ ಕಮ್ಮಿ ಬಂದರೆ ಕೃಪಾಂಕ ಕೊಟ್ಟು ಪಾಸು ಮಾಡುತ್ತಾರೆ. ದೇವರ ಕೃಪೆಯೂ ಹಾಗೆಯೇ. ನಮ್ಮ ಕೈಲಾದಷ್ಟು ನಾವು ಮಾಡಬೇಕು, ಉಳಿದದ್ದನ್ನು ಆತ ತುಂಬುತ್ತಾನೆ. ನಿಮ್ಮ ತಮ್ಮ ಕೊನೆಯಲ್ಲಿ ತನ್ನ ಕೈಲಾದದ್ದನ್ನು ಮಾಡಿದ.

ಪುಟ_ತಿರುವು
ಮೇಷ್ಟ್ರೇ, ಬೇಜಾರಾಗಬೇಡಿ, ಆದರೆ ಕೃಪಾಂಕದ ಹೋಲಿಕೆ ಪೂರ್ತಿ ತಪ್ಪು. ಅದರಿಂದಲೇ ಅಕ್ಕನಿಗೆ ಜಾಸ್ತಿ ನೋವಾಗುತ್ತಿರುವುದು.

ಕೃಪಾಂಕ ಸಿಗುವುದು ಯಾರಿಗೆ? ಹತ್ತಿರ ಹತ್ತಿರ ಪಾಸಾದವನಿಗೆ. ಸೊನ್ನೆ ತೆಗೆದವನಿಗೆ ಯಾರೂ ಕೊಡುವುದಿಲ್ಲ. ಕ್ರೈಸ್ತ ನಂಬಿಕೆ ಹೇಳುವುದು ಬೇರೆ. ಎಲ್ಲರ ಉತ್ತರಪತ್ರಿಕೆಯೂ ಖಾಲಿ. ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಯೇಸುವಿನ ಅಪೊಸ್ತಲ ಪೌಲ ಹೇಳುವುದು, ನಾವು ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತ ನಮಗಾಗಿ ಸತ್ತ ಎಂದು. ಸ್ವಲ್ಪ ಸರಿಹೋದ ಮೇಲೆ ಅಲ್ಲ.

ಈ ಜಗಳ ಇವತ್ತಿನದಲ್ಲ. ಐದನೇ ಶತಮಾನದಲ್ಲಿ ಪೆಲೇಜಿಯಸ್ ಎಂಬ ಸನ್ಯಾಸಿ, ಮನುಷ್ಯ ಮನಸ್ಸು ಮಾಡಿದರೆ ಪಾಪವಿಲ್ಲದೆ ಬದುಕಬಲ್ಲ ಎಂದು ಕಲಿಸಿದ. ಅವನೇನು ಕೆಟ್ಟವನಲ್ಲ. ಜನ ಸೋಮಾರಿಗಳಾಗಿದ್ದಾರೆ ಎಂಬ ನಿಜವಾದ ಕಳವಳ ಅವನಿಗಿತ್ತು. ಉತ್ತರ ಆಫ್ರಿಕದ ಹಿಪ್ಪೋ ಊರಿನ ಬಿಷಪ್ ಅಗಸ್ಟೀನ್ ದೇವರಿಗೆ "ನೀನು ಆಜ್ಞಾಪಿಸುವುದನ್ನು ಮೊದಲು ನನಗೆ ಕೊಡು, ಆಮೇಲೆ ಏನು ಬೇಕಾದರೂ ಆಜ್ಞಾಪಿಸು" ಎಂದು ಪ್ರಾರ್ಥಿಸಿದ್ದ. ಈ ಮಾತು ಕೇಳಿ ಪೆಲೇಜಿಯಸ್ ಕೆರಳಿದ. 418ರಲ್ಲಿ ಕಾರ್ತೇಜ್‌ನಲ್ಲಿ ಸೇರಿದ ಬಿಷಪ್‌ಗಳ ಸಭೆ ಪೆಲೇಜಿಯಸ್‌ನ ಬೋಧನೆಯನ್ನು ತಳ್ಳಿಹಾಕಿತು. ಮೇಷ್ಟ್ರು ಹೇಳಿದಂಥದ್ದು ಇನ್ನೊಂದು ವಾದ: ಮೊದಲ ಹೆಜ್ಜೆ ನಮ್ಮದು, ಉಳಿದದ್ದು ದೇವರದು ಎನ್ನುವುದು. ಅದನ್ನು 529ರಲ್ಲಿ ಒರಾಂಜ್‌ನಲ್ಲಿ ಸೇರಿದ ಸಭೆ ತಳ್ಳಿಹಾಕಿತು. ಆ ಮೊದಲ ಹೆಜ್ಜೆ ಇಡುವ ಮನಸ್ಸೂ ಕೃಪೆಯಿಂದಲೇ ಬರುತ್ತದೆ ಎಂದು ಅವರು ತೀರ್ಮಾನಿಸಿದರು.

ಗಣಿತದ_ಮೇಷ್ಟ್ರು
ಇಪ್ಪತ್ತು ವರ್ಷದಿಂದ ಇದೇ ಹೋಲಿಕೆ ಹೇಳುತ್ತಿದ್ದೇನೆ. ಯೋಚಿಸಿ ಬರುತ್ತೇನೆ.

ದಾರಿಹೋಕ_7
ನಾನು ಕ್ರೈಸ್ತನಲ್ಲ. ತಪ್ಪು ತಿಳಿಯಬೇಡಿ, ನಿಜವಾಗಿಯೂ ಅರ್ಥ ಮಾಡಿಕೊಳ್ಳಲು ಕೇಳುತ್ತಿದ್ದೇನೆ. "ಮಾಡಿದ್ದುಣ್ಣೋ ಮಹಾರಾಯ" ಎನ್ನುವುದರಲ್ಲಿ ಒಂದು ನ್ಯಾಯ ಇದೆಯಲ್ಲ? ಅದನ್ನು ತೆಗೆದುಬಿಟ್ಟರೆ ಒಳ್ಳೆಯವನಾಗಿ ಇರಲು ಕಾರಣ ಏನು?

ಬೆಳಗಿನ_ಓದು
ದಾರಿಹೋಕರೇ, ಈ ಪ್ರಶ್ನೆಯನ್ನು ಪೌಲನೇ ಎತ್ತಿಕೊಳ್ಳುತ್ತಾನೆ. ರೋಮಾ 6: ಕೃಪೆ ಹೆಚ್ಚಲಿ ಎಂದು ಪಾಪದಲ್ಲೇ ಇರೋಣವೇ? ಎಂದಿಗೂ ಇಲ್ಲ. ಬಿತ್ತಿದ್ದನ್ನೇ ಕೊಯ್ಯಬೇಕು ಎಂಬ ಮಾತೂ ಅವನದೇ, ಗಲಾತ್ಯದವರಿಗೆ ಬರೆದ ಪತ್ರದಲ್ಲಿದೆ. ಅಕ್ಕನ ತಮ್ಮನೂ ಕೊಯ್ದ. ಕುಡಿತ ದೇಹವನ್ನು ಬಿಡಲಿಲ್ಲ ಅಲ್ವಾ? ಫಲ ಬೇರೆ, ದೇವರು ಕೈಬಿಡುವುದು ಬೇರೆ. ಕೃಪೆ ಎಂದರೆ ಆ ಎರಡನೆಯದು ಆಗಲಿಲ್ಲ ಎಂದು.

ನೇರ_ಮಾತು
ಅದಕ್ಕೇ ಹೇಳುವುದು, ರಕ್ಷಣೆ ಬರೀ ಕೃಪೆಯಿಂದ, ಬರೀ ನಂಬಿಕೆಯ ಮೂಲಕ. ಎಫೆಸದವರಿಗೆ 2:8 ಓದಿ. ಕ್ಯಾಥೊಲಿಕರು ಸತ್ಕ್ರಿಯೆಯಿಂದ ರಕ್ಷಣೆ ಗಳಿಸಬಹುದು ಎನ್ನುತ್ತಾರೆ. ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಲೂಥರ್ 1517ರಲ್ಲಿ ಎದ್ದು ನಿಂತದ್ದೇ ಇದರ ವಿರುದ್ಧ.

ಜಪಮಾಲೆ
ನೇರ ಮಾತು ಎಂದು ಹೆಸರಿಟ್ಟುಕೊಂಡು ನಮ್ಮ ಬಗ್ಗೆ ಕೇಳಿದ ಮಾತನ್ನೇ ಹೇಳುತ್ತಿದ್ದೀರಲ್ಲ. ನಾನು ಕ್ಯಾಥೊಲಿಕ್. ನಮ್ಮ ಬಿಷಪ್‌ಗಳು ಸೇರಿದ ಟ್ರೆಂಟ್ ಸಭೆ 1547ರಲ್ಲಿ ನೀತೀಕರಣದ, ಅಂದರೆ ಮನುಷ್ಯ ದೇವರ ಮುಂದೆ ನೀತಿವಂತನಾಗುವುದರ ಬಗ್ಗೆ ಹೊರಡಿಸಿದ ನಿರ್ಣಯದ ಮೊದಲ ನಿಯಮವೇ ಇದು: ಕ್ರಿಸ್ತನ ಮೂಲಕ ಬರುವ ಕೃಪೆಯಿಲ್ಲದೆ, ಬರೀ ತನ್ನ ಕ್ರಿಯೆಗಳಿಂದ ಮನುಷ್ಯ ನೀತಿವಂತನಾಗಬಲ್ಲ ಎನ್ನುವವನು ಸಭೆಯ ಹೊರಗೆ.

ಈ ಕೃಪೆಯನ್ನೇ ನಾವು ವರಪ್ರಸಾದ ಎನ್ನುತ್ತೇವೆ. ಪ್ರತಿದಿನ "ನಮೋ ಮರಿಯಾ ವರಪ್ರಸಾದ ಪೂರ್ಣೆ" ಎಂದು ಹೇಳುವವರಿಗೆ ಅದು ದೇವರು ಕೊಟ್ಟದ್ದು ಎಂದು ಗೊತ್ತಿಲ್ಲವೇ? ವ್ಯತ್ಯಾಸ ಇರುವುದು ಬೇರೆ ಕಡೆ. ಕೃಪೆ ನಮ್ಮನ್ನು ಒಳಗಿನಿಂದ ನಿಜವಾಗಿ ಬದಲಿಸುತ್ತದೆ, ನಾವು ಅದಕ್ಕೆ ಹೂಂ ಎನ್ನಬೇಕು ಅಥವಾ ಬೇಡ ಎನ್ನಬಹುದು ಎಂದು ನಾವು ಹೇಳುತ್ತೇವೆ. ನೀವು, ದೇವರು ನೀತಿವಂತನೆಂದು ಎಣಿಸುವುದು ಮೊದಲು ಎನ್ನುತ್ತೀರಿ.

ನೇರ_ಮಾತು
ಆ ನಿಯಮ ನಾನು ಓದಿರಲಿಲ್ಲ. ಕ್ಷಮಿಸಿ. ಆದರೆ ಪಾಪದ ಶಿಕ್ಷೆ ಕಡಿಮೆಯಾಗುತ್ತದೆ ಎಂದು ಹೇಳಿ ಪಾಪಪರಿಹಾರ ಪತ್ರ ಮಾರಿದ್ದು ನಿಜ ತಾನೆ?

ಜಪಮಾಲೆ
ನಿಜ. ನಾಚಿಕೆಯ ವಿಷಯ. ಟ್ರೆಂಟ್ ಸಭೆಯೇ ಆ ದಂಧೆಯನ್ನು ನಿಲ್ಲಿಸಲು ಹೇಳಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ಒಕ್ಕೂಟ ಮತ್ತು ಕ್ಯಾಥೊಲಿಕ್ ಸಭೆ ಒಂದೇ ಕಾಗದಕ್ಕೆ ಸಹಿ ಹಾಕಿದರು. ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಒಪ್ಪಿಕೊಳ್ಳುತ್ತಾನೆ ಎಂದು ಇಬ್ಬರೂ ಸೇರಿ ಹೇಳಿದರು. 2006ರಲ್ಲಿ ಇನ್ನೊಂದು ಪ್ರೊಟೆಸ್ಟಂಟ್ ಪಂಗಡವಾದ ಮೆಥೊಡಿಸ್ಟರೂ ಸೇರಿಕೊಂಡರು.

ಹಿರಿಯಕ್ಕ
ನೀವಿಬ್ಬರೂ ಇಷ್ಟು ತಿಳಿದವರು. ಆದರೆ ನನ್ನ ಪ್ರಶ್ನೆ ಎಲ್ಲಿ ಹೋಯಿತು? ಆಗ್ಸ್‌ಬರ್ಗ್‌ನ ಕಾಗದದಲ್ಲಿ ನನ್ನಮ್ಮ ಇಲ್ಲ. ಅಮ್ಮ ಪ್ರತಿ ರಾತ್ರಿ "ಬಾಗಿಲು ಸದ್ದಾಯಿತಾ ನೋಡು" ಎನ್ನುತ್ತಿದ್ದಳು. ಎದ್ದು ಹೋಗಿ ನೋಡಿ, ಇಲ್ಲಮ್ಮ ಗಾಳಿ, ಎಂದು ಬರುತ್ತಿದ್ದವಳು ನಾನು. ದೇವರು ಅವನನ್ನು ಕ್ಷಮಿಸಿದ. ಅಮ್ಮನ ಪರವಾಗಿ ಕ್ಷಮಿಸಲು ದೇವರಿಗೆ ಯಾರು ಹೇಳಿದರು? ಹೀಗೆ ಕೇಳುವುದಕ್ಕೆ ಭಯವಾಗುತ್ತದೆ, ಆದರೂ ಕೇಳುತ್ತೇನೆ.

ಮೌನ_ಮುರಿದವಳು
ಅಕ್ಕ, ಭಯಪಡಬೇಡಿ. ಕೇಳಿ. ಬೈಬಲ್ಲಿನ ಕೀರ್ತನೆಗಳಲ್ಲಿ ಇದಕ್ಕಿಂತ ಗಟ್ಟಿ ಪ್ರಶ್ನೆಗಳಿವೆ.

ನಾನು ಬೇರೆ ಮೂಲೆಯಿಂದ ಬಂದವಳು. ಗಂಡ ಹೊಡೆಯುತ್ತಿದ್ದ. ಸಭೆಯ ಹಿರಿಯರ ಹತ್ತಿರ ಹೋದಾಗ "ದೇವರು ನಿನ್ನನ್ನು ಕ್ಷಮಿಸಲಿಲ್ಲವಾ, ನೀನೂ ಕ್ಷಮಿಸು, ಮನೆಗೆ ಹೋಗು" ಎಂದರು. ಮೂರು ಸಲ ಹೋದೆ, ಮೂರು ಸಲವೂ ಅದೇ ಮಾತು. ಕೃಪೆ ಎಂಬ ಪದ ಕೇಳಿದರೆ ನನ್ನ ಮೈ ಬಿಗಿಯುತ್ತಿತ್ತು. ನನ್ನ ಬಾಯಿ ಮುಚ್ಚಿಸಲು ಆ ಪದವನ್ನು ಬಳಸಿದರು.

ಆಮೇಲೆ ಒಬ್ಬ ವಯಸ್ಸಾದ ಸಿಸ್ಟರ್ ನನಗೆ ಹೇಳಿದ್ದು ಇಷ್ಟೇ: "ತಪ್ಪನ್ನು ತಪ್ಪು ಎಂದು ಕರೆಯದೆ ಕ್ಷಮೆ ಇಲ್ಲಮ್ಮ. ಶಿಲುಬೆ ನೋಡು. ಪಾಪ ಚಿಕ್ಕದು ಎಂದು ದೇವರು ಹೇಳಿದ್ದರೆ ಅದು ಬೇಕಿತ್ತಾ?" ಅವತ್ತು ನಾನು ಮನೆ ಬಿಟ್ಟೆ. ಕೃಪೆಯ ಮೇಲೆ ನಂಬಿಕೆ ಮತ್ತೆ ಹುಟ್ಟಿದ್ದೂ ಅವತ್ತೇ.

ನಿಮ್ಮ ಸಿಟ್ಟು ಅಮ್ಮನ ಮೇಲಿನ ಪ್ರೀತಿ. ಅದನ್ನು ಪಾಪ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಬೆಳಗಿನ_ಓದು
ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ.

ಪುಟ_ತಿರುವು
ಮೌನ ಮುರಿದವಳು ಹೇಳಿದ್ದು ಬಹಳ ಮುಖ್ಯ. ಬಾನ್‌ಹೋಫರ್ ಎಂಬ ಜರ್ಮನ್ ಪಾಸ್ಟರ್ 1937ರಲ್ಲಿ ಇದಕ್ಕೆ "ಅಗ್ಗದ ಕೃಪೆ" ಎಂದು ಹೆಸರಿಟ್ಟರು. ಪಶ್ಚಾತ್ತಾಪ ಬೇಡ, ಬದಲಾಗುವುದು ಬೇಡ, ಕ್ಷಮೆ ಮಾತ್ರ ಹಂಚಿಬಿಡುವುದು. ಇದು ಪಾಪಿಯನ್ನು ಬಿಟ್ಟು ಪಾಪವನ್ನೇ ನೀತಿಯೆಂದು ಒಪ್ಪಿಕೊಂಡಂತೆ ಎಂದರು. ಅವರು ಸುಮ್ನೆ ಬರೆದು ಕೂತವರಲ್ಲ. ಹಿಟ್ಲರ್ ವಿರುದ್ಧ ನಿಂತದ್ದಕ್ಕೆ 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಿದರು. ಆಗ ಅವರಿಗೆ 39 ವರ್ಷ.

ಜಕ್ಕಾಯನ ಕಥೆಯನ್ನೂ ನೋಡಿ, ಲೂಕ 19. ಸುಂಕದವನು, ಜನರನ್ನು ಸುಲಿದವನು. ಯೇಸು ಮೊದಲು "ಇವತ್ತು ನಿನ್ನ ಮನೆಯಲ್ಲಿ ಇರಬೇಕು" ಎಂದ. ಷರತ್ತು ಹಾಕಲಿಲ್ಲ. ಆಮೇಲೆ ಜಕ್ಕಾಯ ಎದ್ದು ನಿಂತು, ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ತೆಗೆದದ್ದಕ್ಕೆ ನಾಲ್ಕು ಪಟ್ಟು ವಾಪಸ್ ಎಂದ. ಕೃಪೆ ಮೊದಲು ಬಂತು. ಆದರೆ ಸುಲಿಗೆಗೆ ಒಳಗಾದವರ ಲೆಕ್ಕ ಮರೆತುಹೋಗಲಿಲ್ಲ.

ನೇರ_ಮಾತು
ಆದರೆ ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳ? ಅವನು ಯಾರಿಗೂ ನಾಲ್ಕು ಪಟ್ಟು ಕೊಡಲಿಲ್ಲ. ಸಮಯವೇ ಇರಲಿಲ್ಲ. ಅವತ್ತೇ ಪರದೈಸು, ಅಂದರೆ ಸ್ವರ್ಗ ಎಂದು ಯೇಸು ಮಾತು ಕೊಟ್ಟ. ಅಕ್ಕನ ತಮ್ಮನದು ಈ ಕಥೆ, ಜಕ್ಕಾಯನದಲ್ಲ.

ಜಪಮಾಲೆ
ಒಪ್ಪುತ್ತೇನೆ. ಆದರೆ ಆ ಕಳ್ಳ ಏನು ಹೇಳಿದ ನೋಡಿ. "ನಮಗೆ ಆದದ್ದು ನ್ಯಾಯ" ಎಂದ. ತನ್ನ ತಪ್ಪನ್ನು ಚಿಕ್ಕದು ಮಾಡಲಿಲ್ಲ.

ಊರು_ಬಿಟ್ಟವ
ಸಂಬಂಧವಿದೆಯೋ ಇಲ್ಲವೋ ಗೊತ್ತಿಲ್ಲ. ಜಗತ್ತಿನಲ್ಲಿ ಕೃಪೆಯ ಬಗ್ಗೆ ಅತಿ ಹೆಚ್ಚು ಹಾಡುವ ಇಂಗ್ಲಿಷ್ ಹಾಡು "ಅಮೇಜಿಂಗ್ ಗ್ರೇಸ್" ಬರೆದ ಜಾನ್ ನ್ಯೂಟನ್ ಗುಲಾಮರನ್ನು ಸಾಗಿಸುವ ಹಡಗಿನವನು. 1748ರಲ್ಲಿ ಬಿರುಗಾಳಿಗೆ ಸಿಕ್ಕಾಗ ದೇವರನ್ನು ಕೂಗಿದ, ಆ ದಂಧೆಯನ್ನು ಅವತ್ತೇ ಬಿಟ್ಟ.

ಪುಟ_ತಿರುವು
ಅವತ್ತೇ ಬಿಡಲಿಲ್ಲ, ಅದೇ ಕಷ್ಟದ ವಿಷಯ. ಆಮೇಲೂ ಗುಲಾಮರ ಹಡಗುಗಳಿಗೆ ಕ್ಯಾಪ್ಟನ್ ಆಗಿದ್ದ. 1754ರಲ್ಲಿ ಸಮುದ್ರಯಾನ ನಿಲ್ಲಿಸಿದ್ದು ಕಾಯಿಲೆಯ ಕಾರಣಕ್ಕೆ. ಹಾಡು ಅಚ್ಚಾದದ್ದು 1779ರಲ್ಲಿ. ಗುಲಾಮರ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಬರೆದು, ತಾನೂ ಅದರಲ್ಲಿ ಪಾಲುದಾರ ಎಂದು ಒಪ್ಪಿಕೊಂಡದ್ದು 1788ರಲ್ಲಿ. ಬಿರುಗಾಳಿಯಿಂದ ಲೆಕ್ಕ ಹಾಕಿದರೆ 40 ವರ್ಷ.

ಊರು_ಬಿಟ್ಟವ
ಇದು ಗೊತ್ತಿರಲಿಲ್ಲ. ಪ್ರವಚನದಲ್ಲಿ ಯಾವಾಗಲೂ ಬಿರುಗಾಳಿಯ ರಾತ್ರಿಗೇ ಕಥೆ ಮುಗಿಯುತ್ತದೆ.

ಮೌನ_ಮುರಿದವಳು
ಆ 40 ವರ್ಷದಲ್ಲಿ ಅವನ ಹಡಗಿನಲ್ಲಿ ಬಂದವರು ಏನಾದರು ಎಂದು ಪ್ರವಚನದಲ್ಲಿ ಯಾರೂ ಕೇಳುವುದಿಲ್ಲ. ಕೇಳಬೇಕು.

ಬತ್ತಿ_ದೀಪ
ಪೂರ್ವದ ಆರ್ಥೊಡಾಕ್ಸ್ ಸಭೆಯ ಒಬ್ಬಳ ಮಾತನ್ನೂ ಸೇರಿಸಿಕೊಳ್ಳಿ. ನಿಮ್ಮ ಚರ್ಚೆ ಎಲ್ಲ ಕೋರ್ಟಿನ ಮಾತಿನಲ್ಲಿ ನಡೆಯುತ್ತಿದೆ. ತೀರ್ಪು, ಲೆಕ್ಕ, ಬಿಡುಗಡೆ. ನಮ್ಮಲ್ಲಿ ಪಾಪವನ್ನು ಜಾಸ್ತಿ ಕಾಯಿಲೆಯಂತೆ ನೋಡುತ್ತಾರೆ. ಹದಿನಾಲ್ಕನೇ ಶತಮಾನದ ನಮ್ಮ ಸಂತ ಗ್ರೆಗರಿ ಪಾಲಮಾಸ್ ಕಲಿಸಿದ ಪ್ರಕಾರ, ಕೃಪೆ ದೇವರು ಕೊಡುವ ಒಂದು ವಸ್ತುವಲ್ಲ, ದೇವರೇ ತನ್ನ ಶಕ್ತಿಯಾಗಿ ನಮ್ಮನ್ನು ತಲುಪುವುದು. ಬಿಸಿಲು ಸೂರ್ಯನಿಂದ ಬೇರೆಯಲ್ಲವಲ್ಲ, ಹಾಗೆ.

ಹಾಗೆ ನೋಡಿದರೆ ಅಕ್ಕನ ತಮ್ಮನಿಗೆ ಬಹುಮಾನ ಸಿಗಲಿಲ್ಲ. ಅವನಿಗೆ ಚಿಕಿತ್ಸೆ ಶುರುವಾಯಿತು. ತಾನು ಅಮ್ಮನಿಗೆ ಏನು ಮಾಡಿದೆ ಎಂದು ದೇವರ ಬೆಳಕಿನಲ್ಲಿ ಕಾಣುವುದು ಸುಲಭ ಎಂದುಕೊಂಡಿರಾ?

ದಾರಿಹೋಕ_7
ಇದು ನನಗೆ ಸ್ವಲ್ಪ ಹಿಡಿಸಿತು. ಆದರೆ "ಉಚಿತ" ಎಂಬ ಪದ ಇನ್ನೂ ಗೊಂದಲ. ಉಚಿತ ಎಂದರೆ ಪ್ರತಿಯಾಗಿ ಏನೂ ಬೇಡ ಎಂದು ತಾನೆ?

ಪುಟ_ತಿರುವು
ಅಲ್ಲ. ಪೌಲ ಬಳಸುವ ಗ್ರೀಕ್ ಪದ ಖಾರಿಸ್. ಆ ಕಾಲದ ದಿನಬಳಕೆಯ ಮಾತು. ಉಪಕಾರ, ಕೊಡುಗೆ, ಅದಕ್ಕೆ ಪ್ರತಿಯಾಗಿ ತೋರಿಸುವ ಕೃತಜ್ಞತೆ, ಎಲ್ಲದಕ್ಕೂ ಅದೇ ಪದ. ಪೌಲನ ಸಮಕಾಲೀನ ರೋಮನ್ ತತ್ವಜ್ಞಾನಿ ಸೆನೆಕ ಉಪಕಾರದ ಬಗ್ಗೆಯೇ ಬರೆದ. ಕೊಡುವ ಮುಂಚೆ ಯೋಗ್ಯನನ್ನು ನೋಡಿ ಆರಿಸಬೇಕು ಎನ್ನುವುದು ಆಗಿನ ಜಾಣರ ಸಲಹೆ. ಪೌಲ ತಲೆಕೆಳಗು ಮಾಡಿದ್ದು ಇದನ್ನು. ದೇವರು ಅಯೋಗ್ಯನಿಗೇ ಕೊಟ್ಟ. ಆದರೆ ಕೊಡುಗೆ ಪಡೆದವನು ಕೃತಜ್ಞನಾಗಿ ಬದುಕಬೇಕು ಎನ್ನುವ ಭಾಗವನ್ನು ಪೌಲ ತೆಗೆಯಲಿಲ್ಲ. ಯೋಗ್ಯತೆ ನೋಡದೆ ಕೊಟ್ಟದ್ದು ನಿಜ. ಏನನ್ನೂ ಬಯಸದೆ ಕೊಟ್ಟದ್ದಲ್ಲ.

ದಾರಿಹೋಕ_7
ಈಗ ಸರಿ. ಇದನ್ನು ಯಾಕೆ ಮೊದಲೇ ಯಾರೂ ಹೇಳುವುದಿಲ್ಲ?

ಗಣಿತದ_ಮೇಷ್ಟ್ರು
ಬಂದೆ. ಕೃಪಾಂಕದ ಹೋಲಿಕೆಯನ್ನು ಬಿಟ್ಟೆ, ಇನ್ನು ಹೇಳುವುದಿಲ್ಲ. ಅದರ ಬದಲು ಒಂದು ಲೆಕ್ಕ ಮಾಡಿದೆ.

ಮತ್ತಾಯ 18ರಲ್ಲಿ ಒಬ್ಬ ಆಳು ಅರಸನಿಗೆ 10,000 ತಲಾಂತು ಸಾಲಗಾರ. ತಲಾಂತು, ದಿನಾರಿ ಎರಡೂ ಆಗಿನ ಹಣದ ಲೆಕ್ಕ. ಒಂದು ತಲಾಂತು ಸುಮಾರು 6,000 ದಿನಾರಿ. ಒಂದು ದಿನಾರಿ ಒಂದು ದಿನದ ಕೂಲಿ. ಅಂದರೆ ಆರು ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೆ ಎರಡು ಲಕ್ಷ ವರ್ಷ. ಅದನ್ನು ಅರಸ ಬಿಟ್ಟುಬಿಟ್ಟ. ಅದೇ ಆಳಿಗೆ ಅವನ ಜೊತೆಗಾರ ಕೊಡಬೇಕಾದದ್ದು 100 ದಿನಾರಿ. ಅದನ್ನು ಆ ಆಳು ಬಿಡಲಿಲ್ಲ.

ಇಷ್ಟು ದಿನ ನಾನು 100 ದಿನಾರಿ ಏನೂ ಅಲ್ಲ ಎಂದು ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಬರೆದು ನೋಡಿದಾಗ ತಿಳಿಯಿತು. ಅದು ಮೂರು ತಿಂಗಳಿಗಿಂತ ಜಾಸ್ತಿ ದುಡಿಮೆ. ಕೂಲಿ ಮಾಡುವವನಿಗೆ ಅದು ದೊಡ್ಡ ಮೊತ್ತ. ಯೇಸು ಅದನ್ನು ಒಂದು ಕಾಸು ಎನ್ನಬಹುದಿತ್ತು, ಎನ್ನಲಿಲ್ಲ. ನಮಗೆ ಬರಬೇಕಾದದ್ದು ನಿಜವಾದ ಸಾಲ ಎಂದು ಒಪ್ಪಿಕೊಂಡೇ ಮಾತಾಡುತ್ತಿದ್ದಾನೆ. ಅಕ್ಕ, ನಿಮ್ಮ ನೋಟ್‌ಬುಕ್ ಸುಳ್ಳಲ್ಲ.

ಬೆಳಗಿನ_ಓದು
ಮೇಷ್ಟ್ರೇ, ಇದು ಚೆನ್ನಾಗಿದೆ. ನಾನೂ ಲೂಕ 15ನ್ನು ಮತ್ತೆ ನಿಧಾನವಾಗಿ ಓದಿದೆ. ಮೂರು ವಿಷಯ ಮೊದಲು ಗಮನಿಸಿರಲಿಲ್ಲ.

ಅಪ್ಪ ಆಸ್ತಿಯನ್ನು "ಇಬ್ಬರಿಗೂ" ಹಂಚಿದ. ದೊಡ್ಡವನ ಪಾಲೂ ಅವತ್ತೇ ಅವನಿಗೆ ಸಿಕ್ಕಿತ್ತು. ಆದರೂ ಅವನು "ಇಷ್ಟು ವರ್ಷ ನಿನಗೆ ದುಡಿದೆ" ಎನ್ನುತ್ತಾನೆ. ಗ್ರೀಕಿನಲ್ಲಿ ಅದು ಗುಲಾಮನ ದುಡಿಮೆಗೆ ಬಳಸುವ ಪದ. ಮನೆಯಲ್ಲೇ ಇದ್ದು ಅವನು ತನ್ನನ್ನು ಮಗ ಎಂದುಕೊಂಡಿರಲಿಲ್ಲ.

ಎರಡನೆಯದು, ಅವನು "ಈ ನಿನ್ನ ಮಗ" ಎನ್ನುತ್ತಾನೆ, ತಮ್ಮ ಎನ್ನುವುದಿಲ್ಲ. ಅಪ್ಪ ಬೈಯುವುದಿಲ್ಲ, "ಈ ನಿನ್ನ ತಮ್ಮ" ಎಂದು ತಿದ್ದುತ್ತಾನೆ ಅಷ್ಟೇ.

ಮೂರನೆಯದು ನನಗೆ ಬಹಳ ಹಿಡಿಸಿತು. ಚಿಕ್ಕವನಿಗಾಗಿ ಅಪ್ಪ ಓಡಿಹೋದ. ದೊಡ್ಡವನಿಗಾಗಿಯೂ ಹಬ್ಬ ಬಿಟ್ಟು ಹೊರಗೆ ಬಂದ. ಸಿಟ್ಟು ಮಾಡಿಕೊಂಡು ಹೊರಗೆ ನಿಂತವನ ಹತ್ತಿರ ನಿಂತು ಬೇಡಿಕೊಂಡ. ದೊಡ್ಡವನು ಒಳಗೆ ಹೋದನೋ ಇಲ್ಲವೋ, ಕಥೆ ಹೇಳುವುದಿಲ್ಲ.

ಅಕ್ಕ, ಕೃಪೆ ನಿಮ್ಮ ತಮ್ಮನ ಹಾಸಿಗೆಯ ಪಕ್ಕ ಮಾತ್ರ ಇತ್ತು ಎಂದು ನನಗನ್ನಿಸುವುದಿಲ್ಲ. ಸಿಟ್ಟಿನಿಂದ ಹೊರಗೆ ನಿಂತ ನಿಮ್ಮ ಪಕ್ಕವೂ ಈಗ ನಿಂತಿದೆ.

ನೇರ_ಮಾತು
ಆಮೆನ್.

ಹಿರಿಯಕ್ಕ
ಎರಡು ದಿನ ಇಲ್ಲಿ ಬರಲಿಲ್ಲ. ಎಲ್ಲವನ್ನೂ ಓದಿದೆ. ಮೌನ ಮುರಿದವಳೇ, ನಿಮ್ಮದನ್ನು ಎರಡು ಸಲ ಓದಿದೆ.

ಒಂದು ವಿಷಯ ನಾನು ಮೊದಲು ಬರೆದಿರಲಿಲ್ಲ. ಬೇಕೆಂದೇ ಬರೆಯಲಿಲ್ಲ.

ಪಾಸ್ಟರ್ ಹೋದ ಮೇಲೆ ರಾತ್ರಿ ನಾವಿಬ್ಬರೇ ಇದ್ದೆವು. ತಮ್ಮ ಕೇಳಿದ, "ಅಕ್ಕ, ಆ ನೀಲಿ ಬುಕ್ ಇದೆಯಾ?" ಇವನಿಗೆ ಅದು ಗೊತ್ತು ಎಂದು ನನಗೆ ಗೊತ್ತಿರಲಿಲ್ಲ. ಚೀಲದಲ್ಲೇ ಇತ್ತು. ಯಾಕೆ ಆಸ್ಪತ್ರೆಗೆ ಅದನ್ನು ಒಯ್ದಿದ್ದೆನೋ, ಈಗ ಕೇಳಿದರೆ ಹೇಳಲಾರೆ. "ಓದು" ಎಂದ. ಓದಿದೆ. ಒಂದೊಂದು ತಾರೀಖಿಗೂ ಹೂಂ ಎನ್ನುತ್ತಿದ್ದ. ಒಂದು ಕಡೆ ತಡೆದು, "ಅದು ಅಷ್ಟಲ್ಲ, ಜಾಸ್ತಿ. ಅಮ್ಮನ ಬಳೆಯೂ ಒಯ್ದಿದ್ದೆ. ನೀನು ಕಳೆದುಹೋಯಿತು ಎಂದುಕೊಂಡೆ" ಎಂದ. ಆ ಬಳೆಗಾಗಿ ಅಮ್ಮನೂ ನಾನೂ ಮನೆಯೆಲ್ಲ ಹುಡುಕಿದ್ದೆವು. ಅಮ್ಮ ನನ್ನ ಮೇಲೆ ಸಿಟ್ಟಾಗಿದ್ದಳು.

ನನಗೆ ಸಿಟ್ಟು ಹತ್ತಿದ್ದು ನಿಜವಾಗಿ ಆವಾಗ. ಪಾಸ್ಟರ್ ಮಾತಿಗಲ್ಲ. ಇಷ್ಟು ದಿನ ಮುಚ್ಚಿಟ್ಟದ್ದನ್ನು, ಹೇಳದಿದ್ದರೆ ಯಾರಿಗೂ ಗೊತ್ತಾಗದಿದ್ದದ್ದನ್ನು, ಅವನೇ ಹೇಳಿಬಿಟ್ಟನಲ್ಲ ಎಂದು. ಅವನನ್ನು ಕೆಟ್ಟವನೆಂದು ಇಟ್ಟುಕೊಂಡಿರಲು ನನಗೆ ಆಮೇಲೆ ಆಗಲಿಲ್ಲ. ಅದೂ ಒಂದು ಸಿಟ್ಟು.

ಬತ್ತಿ_ದೀಪ
ಚಿಕಿತ್ಸೆ ಶುರುವಾಗಿತ್ತು ಅಕ್ಕ.

ಗಣಿತದ_ಮೇಷ್ಟ್ರು
ಅಕ್ಕ, ಕೇಳಬಾರದೇನೋ. ನೋಟ್‌ಬುಕ್ ಏನು ಮಾಡಿದಿರಿ?

ಹಿರಿಯಕ್ಕ
ಇದೆ ಸರ್. ಹರಿದಿಲ್ಲ. ಹರಿಯಬೇಕು ಎಂದು ಇನ್ನೂ ಅನ್ನಿಸಿಲ್ಲ. ಅವತ್ತು ರಾತ್ರಿ ಬಳೆಯನ್ನೂ ಅದರಲ್ಲಿ ಬರೆದೆ, ಅವನು ನೋಡುತ್ತಿದ್ದ. ಬರೆದು ಮುಗಿಸಿದ ಮೇಲೆ ನಿದ್ದೆ ಮಾಡಿದ. ಆ ಸಾಲಿಗೆ ಮಾತ್ರ ನಾನು ತಾರೀಖು ಹಾಕಿಲ್ಲ.